ಐದೇಶಿ ಮಾಡಿದ ಬ್ಲೇಡು

ನಮ್ಮ ಅವ್ವ ಸಿದ್ದಲಿಂಗವ್ವ ತನ್ನ ಮೊಮ್ಮಗನನ್ನು ತಾನೇ ಕೊಂದಳು ಎಂದು ನಮ್ಮೂರಿನಲ್ಲಿ ಒಂದು ಮಾತಿದೆ. ಆ ಮಾತನ್ನು ಹುಟ್ಟಿಸಿದವಳು ಸ್ವತಃ ಅವ್ವ. ಅದು ಸುಳ್ಳೆಂದು ಗೊತ್ತಿದ್ದವರು ಮೂವರೇ: ಅವ್ವ, ಸೂಲಗಿತ್ತಿ ಸುಂದರವ್ವ ಮತ್ತು ನಾನು. ಸತ್ತ ಕೂಸಿನ ತಾಯಿ ನಾನೇ. ಬಾಯಿಬಿಟ್ಟು ಹೇಳಬೇಕಾದವಳೂ ನಾನೇ ಆಗಿದ್ದೆ.

ನಮ್ಮೂರು ಮನಗೂಳಿಯಿಂದ ಮೂರು ಮೈಲು, ಬಸವನ ಬಾಗೇವಾಡಿ ತಾಲೂಕು. ಅಪ್ಪ ಗುರಪ್ಪನಿಗೆ ನಲವತ್ತು ಎಕರೆ ಎರೆಹೊಲ ಇತ್ತು. ಹೊಲದ ಒಡೆಯ ಅಪ್ಪನಾದರೂ ಮನೆಯ ಒಡೆತನ ಅವ್ವನದು. ಆಕೆ ಹಿತ್ತಲಲ್ಲಿ ನಿಂತು ಯಾರನ್ನಾದರೂ ಬೈಯಲು ಶುರು ಮಾಡಿದರೆ ಊರ ಅಗಸೆಬಾಗಿಲ ಕಟ್ಟೆಯ ಮೇಲೆ ಕೂತ ಗಂಡಸರೂ ಒಂದು ಗಳಿಗೆ ಮಾತು ನಿಲ್ಲಿಸುತ್ತಿದ್ದರು. ಬೆಳಿಗ್ಗೆ ಹಲ್ಲಿಗೆ ತಂಬಾಕಿನ ಮಿಶ್ರಿ ತಿಕ್ಕುತ್ತ ಕೂತಾಗ ಮಾತ್ರ ಆಕೆಯನ್ನು ದೇವರೂ ಮಾತಾಡಿಸುವಂತಿರಲಿಲ್ಲ. ಅವ್ವ ಹೆತ್ತದ್ದು ಏಳು, ಉಳಿದದ್ದು ಮೂರು. ಹೋದ ನಾಲ್ಕರಲ್ಲಿ ಮೂರು ಕೂಸುಗಳು ಹುಟ್ಟಿದ ಏಳೆಂಟು ದಿನಕ್ಕೆ ಮೊಲೆ ಬಿಟ್ಟು, ದವಡೆ ಕಚ್ಚಿ, ಮೈ ಸೆಟೆದು ಹೋಗಿದ್ದವು. ಗಾಳಿ ಸೋಕಿತು ಎನ್ನುತ್ತಿದ್ದರು ಊರವರು. ಅವ್ವನೂ ಹಾಗೇ ನಂಬಿದ್ದಳು.

ಎಪ್ಪತ್ನಾಲ್ಕರಲ್ಲಿ ಬ್ಲಾಕ್ ಆಫೀಸಿನವರು ಬಂದು ನಮ್ಮೂರಲ್ಲಿ ಮಹಿಳಾ ಮಂಡಳ ಮಾಡಿಸಿದರು. ಹೊಲಿಗೆ ಮಷಿನ್ನು ಸಿಗುತ್ತದೆ ಎಂಬ ಆಸೆಗೆ ಹೆಂಗಸರು ಸೇರಿದ್ದು. ಮಷಿನ್ನು ಬರಲಿಲ್ಲ, ನರ್ಸು ಶಮ್ಶುನ್ನೀಸಾ ಬಂದರು. ತೆಳ್ಳನೆಯ ಹೆಣ್ಣುಮಗಳು. ಬಿಸಿಲಲ್ಲಿ ಕೊಡೆ ಹಿಡಿದುಕೊಂಡು ಮನಗೂಳಿಯಿಂದ ನಡೆದೇ ಬರುತ್ತಿದ್ದರು. ಕೂಸು ಸೆಟೆಯುವುದು ಗಾಳಿಯಿಂದಲ್ಲ, ಹೊಕ್ಕುಳಬಳ್ಳಿ ಕೊಯ್ಯುವ ಕುಡಗೋಲಿನ ಹೊಲಸಿನಿಂದ, ಅದರ ಮೇಲೆ ಹಚ್ಚುವ ಸಗಣಿಯ ಬೂದಿಯಿಂದ ಎಂದು ಅವರು ಮೊದಲ ದಿನವೇ ಹೇಳಿದರು.

"ಕುಡಗೋಲಿನಿಂದನ ಏನ್ರಿ?" ಎಂದು ಅವ್ವ ಕೇಳಿದಳು.

"ಹೌದ್ರಿ ಅವ್ವಾರ, ಅದರಿಂದನ."

ಅವ್ವ ಅದನ್ನೇ ಇನ್ನೆರಡು ಸಲ ಕೇಳಿದಳು. ಅಂದು ಮನೆಗೆ ಬಂದು ಊಟ ಮಾಡಲಿಲ್ಲ. ಮರುವಾರ ಮಂಡಳದ ಅಧ್ಯಕ್ಷೆ ಯಾರಾಗುತ್ತೀರಿ ಎಂದಾಗ ಯಾರೂ ಬಾಯಿ ತೆಗೆಯುವ ಮೊದಲೇ "ನಾ ಆಕ್ಕೇನಿ" ಎಂದಳು. ಸಹಿ ಮಾಡುವುದನ್ನು ಕಲಿಯಲು ಆಕೆಗೆ ಪೂರ್ತಿ ಮೂರು ತಿಂಗಳು ಹಿಡಿಯಿತು. ಕಲಿಸಿದ ನನ್ನ ತಮ್ಮ ದಿನಾ ಬೈಸಿಕೊಂಡ.

ಸೋಮವಾರ ನಮ್ಮ ಕಡೆ ಎತ್ತು ಹೂಡುವುದಿಲ್ಲ. ಹೆಂಗಸರಿಗೂ ಅಷ್ಟು ಬಿಡುವು. ಹಾಗಾಗಿ ಸೋಮವಾರ ಮಧ್ಯಾಹ್ನ ನಮ್ಮ ಪಡಸಾಲೆಯಲ್ಲಿ ಮಂಡಳ ಕೂಡುತ್ತಿತ್ತು. ಮನೆಮನೆಯಿಂದ ಹಿಡಿ ಜೋಳ ಕೂಡಿಸಿ, ಮಾರಿ, ಬ್ಲೇಡು ಸಬಕಾರ ತರುತ್ತಿದ್ದರು. ಹಳೆಯ ಸೀರೆಯ ಮೆತ್ತನೆ ಅರಿವೆ, ಗಟ್ಟಿ ನೂಲು, ಎರಡನ್ನೂ ಕುದಿಸಿ ಬಿಸಿಲಿಗೆ ಒಣಗಿಸಿ, ಕೈ ತೊಳೆಯಲು ಅರ್ಧ ಸಬಕಾರ, ಕಾಗದ ಬಿಚ್ಚದ ಹೊಸ ಬ್ಲೇಡು ಇಟ್ಟು ಗಂಟು ಕಟ್ಟುತ್ತಿದ್ದರು. ಏಳು ತಿಂಗಳು ತುಂಬಿದ ಬಸುರಿಗೆ ಒಂದು ಗಂಟು. ಸೂಲಗಿತ್ತಿ ಸುಂದರವ್ವನನ್ನು ಅವ್ವ ತಾನೇ ಬಾಗೇವಾಡಿಗೆ ಕರೆದೊಯ್ದು ದಾಯಿ ತರಬೇತಿಗೆ ಕೂರಿಸಿ ಬಂದಳು. ಸುಂದರವ್ವ ಕುರುಬರ ಓಣಿಯ ವಿಧವೆ. ನನ್ನನ್ನು ಭೂಮಿಗೆ ಇಳಿಸಿದ ಕೈ ಅವಳದು. ತರಬೇತಿ ಮುಗಿಸಿ ಬರುವಾಗ ಹೆರಿಗೆ ಸಾಮಾನಿನ ಒಂದು ತಗಡಿನ ಪೆಟ್ಟಿಗೆ ಕೊಟ್ಟು ಕಳಿಸಿದ್ದರು. ಅದನ್ನು ಅವಳು ಮೊಮ್ಮಗಳಿಗೂ ಮುಟ್ಟಗೊಡುತ್ತಿರಲಿಲ್ಲ.

ಎರಡು ವರ್ಷ ಊರಿನಲ್ಲಿ ಒಂದು ಕೂಸೂ ಸೆಟೆಯಲಿಲ್ಲ. ಮುದ್ದೇಬಿಹಾಳ, ಸಿಂದಗಿ ಕಡೆಯ ಮಂಡಳದ ಹೆಂಗಸರನ್ನು ಜೀಪಿನಲ್ಲಿ ತುಂಬಿಕೊಂಡು ಬಂದು ಅವ್ವನ ಗಂಟು ತೋರಿಸಿ ಹೋದರು. ಇಂಡಿ ಊರಿನ ನನ್ನ ಅತ್ತೆಯ ಮನೆಯವರೆಗೂ ಅವ್ವನ ಹೆಸರು ಬಂದಿತ್ತು. ನನಗೆ ಹೆಮ್ಮೆಯಾಗಿತ್ತು, ಸುಳ್ಳು ಯಾಕೆ ಹೇಳಲಿ.

ಒಂದು ತೊಡಕು ಮಾತ್ರ ಉಳಿದಿತ್ತು. ಕೂಸು ಹುಟ್ಟಿದ ಐದನೆಯ ದಿನ ನಮ್ಮಲ್ಲಿ ಐದೇಶಿ ಮಾಡುತ್ತಾರೆ. ಅಂದು ಶೆಟಿಗೆವ್ವ ಬಂದು ಕೂಸಿನ ಹಣೆಬರಹ ಬರೆಯುತ್ತಾಳೆ ಎಂದು ನಂಬಿಕೆ. ಸಗಣಿಯ ಉಂಡೆಯಲ್ಲಿ ಗರಿಕೆ ಸಿಗಿಸಿ, ಹೊಕ್ಕುಳಬಳ್ಳಿ ಕೊಯ್ದ ಕುಡಗೋಲನ್ನು ಎದುರಿಗಿಟ್ಟು ಪೂಜೆ ಮಾಡಬೇಕು. ಕುಡಗೋಲು ಹೋಗಿ ಬ್ಲೇಡು ಬಂದ ಮೇಲೆ ಹೆಂಗಸರು ಬ್ಲೇಡನ್ನೇ ಸಗಣಿಯಲ್ಲಿ ನಿಲ್ಲಿಸಿ ಅರಿಷಿಣ ಕುಂಕುಮ ಹಚ್ಚತೊಡಗಿದರು. ಪೂಜೆಯಾದ ವಸ್ತುವನ್ನು ತಿಪ್ಪೆಗೆ ಎಸೆಯುವುದು ಹೇಗೆ? ನರ್ಸಬಾಯಿ ಹೂಳಿರಿ ಎಂದರು, ಯಾರಿಗೂ ಮನಸ್ಸಾಗಲಿಲ್ಲ. ಕಡೆಗೆ ಅವ್ವ ಒಂದು ಉಪಾಯ ಮಾಡಿದಳು. ಅಂಥ ಬ್ಲೇಡುಗಳನ್ನೆಲ್ಲ ತನ್ನ ಹತ್ತಿರ ಇಸಿದುಕೊಂಡು, ಕೊಲ್ಹಾರಕ್ಕೆ ಹೋಗುವವರ ಕೈಯಲ್ಲಿ ಕೊಟ್ಟು ಕೃಷ್ಣಾ ಹೊಳೆಗೆ ಬಿಡಿಸುತ್ತಿದ್ದಳು.

ಹಾಗೆ ಬರಬೇಕಾಗಿದ್ದ ಬ್ಲೇಡುಗಳಲ್ಲಿ ಮೇಲಿನ ಓಣಿಯ ಶಂಕ್ರೆವ್ವನದೂ ಒಂದು. ಐದು ಹೆಣ್ಣು ಹೆತ್ತ ಶಂಕ್ರೆವ್ವನಿಗೆ ಆರನೆಯದು ಗಂಡಾಗಿತ್ತು. ಆ ಬ್ಲೇಡನ್ನು ಅವಳು ದೇವರ ಜಗಲಿಯ ಮೇಲೇ ಇಟ್ಟುಕೊಂಡಿದ್ದಳು. ಬರೀ ಹೆಣ್ಣು ಹೆತ್ತವರು ಅದನ್ನು ಒಂದು ತಿಂಗಳ ಮಟ್ಟಿಗೆ ಕೊಡು ಎಂದು ಕೇಳಲು ಹೋಗುತ್ತಿದ್ದರು. ಬಸುರಿ ಅದನ್ನು ತಲೆದಿಂಬಿನ ಕೆಳಗೆ ಇಟ್ಟುಕೊಂಡು ಮಲಗಿದರೆ ಗಂಡಾಗುತ್ತದೆ, ಹಾಗೆ ಹುಟ್ಟಿದ ಗಂಡಿನ ಬಳ್ಳಿಯನ್ನು ಅದೇ ಬ್ಲೇಡಿನಿಂದ ಕೊಯ್ದರೆ ಮಾತ್ರ ಕೂಸು ನಿಲ್ಲುತ್ತದೆ ಎಂದು ಒಂದು ಮಾತು ಅದು ಹೇಗೋ ಹಬ್ಬಿಬಿಟ್ಟಿತ್ತು. ಅವ್ವನಿಗೆ ಸುದ್ದಿ ಹೋಯಿತು. ಶಂಕ್ರೆವ್ವನ ಮನೆಗೇ ಹೋಗಿ ಓಣಿಗೆ ಕೇಳುವಂತೆ ಬೈದು ಬ್ಲೇಡು ಕಿತ್ತುಕೊಂಡು ಬಂದಳು. ಆಮೇಲೆ ಎಷ್ಟೋ ಜನ ಕೊಲ್ಹಾರಕ್ಕೆ ಹೋದರು. ಅವ್ವ ಆ ಒಂದು ಬ್ಲೇಡನ್ನು ಮಾತ್ರ ಯಾರ ಕೈಗೂ ಕೊಡಲಿಲ್ಲ. ಟ್ರಂಕಿನ ತಳದಲ್ಲಿ ಇಟ್ಟಳು. ಅವ್ವನದು ಅಂತ ತಪ್ಪು ಹುಡುಕುವುದಾದರೆ ಇದಿಷ್ಟೇ.

ಎಪ್ಪತ್ತಾರರಲ್ಲಿ ನಾನು ಮೂರನೆಯ ಹೆರಿಗೆಗೆ ತವರಿಗೆ ಬಂದೆ. ಮೊದಲಿನವು ಎರಡೂ ಹೆಣ್ಣು. ನನ್ನ ಗಂಡ ಸಿದ್ದರಾಯ ಕೆಟ್ಟವನಲ್ಲ, ಆದರೆ ಅವನ ತಾಯಿಯ ಮುಂದೆ ಅವನಿಗೆ ಬಾಯಿಲ್ಲ. ಆಕೆ ಸಿಂದಗಿ ಕಡೆಯ ಒಂದು ಹುಡುಗಿಯನ್ನು ನೋಡಿ ಬಂದಿದ್ದಳು. ಅದನ್ನು ಮುಚ್ಚಿಡಲೂ ಇಲ್ಲ. "ಇದೂ ಹೆಣ್ಣಾದ್ರ ಅಲ್ಲೇ ಇರು, ಬರೋದ ಬ್ಯಾಡ" ಎಂದು ನನ್ನನ್ನು ಗಾಡಿ ಹತ್ತಿಸುವಾಗ ನಗುನಗುತ್ತಲೇ ಹೇಳಿದ್ದಳು.

ಬಂದ ದಿನದಿಂದ ನಾನು ಅವ್ವನ ಬೆನ್ನು ಹತ್ತಿದೆ. ಆ ಬ್ಲೇಡು ಕೊಡು ಎಂದೆ. ಬೈದಳು. ಅತ್ತು ಕರೆದೆ. ಎರಡು ಹೊತ್ತು ಉಣ್ಣದೆ ಕೂತೆ. ಹುಟ್ಟಿದ ಮೇಲೆ ಕೊಯ್ಯುವ ಬ್ಲೇಡು ಹುಟ್ಟುವ ಮೊದಲಿನದನ್ನು ಹೇಗೆ ಬದಲಿಸುತ್ತದೆ ಎಂದು ನೀವು ಕೇಳಬಹುದು. ಏಳನೇ ಇಯತ್ತೆ ಪಾಸಾದ ನಾನು ಅದನ್ನು ಕೇಳಿಕೊಳ್ಳಲಿಲ್ಲ. ನಾಲ್ಕನೆಯ ದಿನ ಅವ್ವ ಟ್ರಂಕು ತೆಗೆದಳು.

"ತಲಿದಿಂಬಿನ ಬುಡಕ ಇಟ್ಕೊ," ಎಂದಳು. "ನಿನ್ನ ಸಮಾಧಾನಕ್ಕ ಕೊಡಾಕತ್ತೇನಿ. ಕೊಯ್ಯೋದು ಮಾತ್ರ ಹೊಸಾದ್ರಿಂದ. ನನ್ನ ಮುಟ್ಟಿ ಆಣಿ ಮಾಡು."

ನಾನು ಮುಟ್ಟಿ ಆಣೆ ಮಾಡಿದೆ.

ಇಪ್ಪತ್ತು ದಿನಕ್ಕೆ, ಒಂದು ಮಧ್ಯಾಹ್ನ ಹೆರಿಗೆಯಾಯಿತು. ಗಂಡು. ಸುಂದರವ್ವ ಹೇಳುವ ಮೊದಲೇ ನಾನು ತಲೆ ಎತ್ತಿ ನೋಡಿದ್ದೆ. ಅವ್ವ ನೀರು ಕಾಯಿಸಲು ಬಚ್ಚಲಿಗೆ ಹೋಗಿದ್ದಳು. ಸುಂದರವ್ವ ಕೈ ತೊಳೆದುಕೊಂಡು ಗಂಟಿನಿಂದ ಹೊಸ ಬ್ಲೇಡು ತೆಗೆದಳು. ನಾನು ದಿಂಬಿನ ಕೆಳಗಿನದನ್ನು ಎಳೆದು ಅವಳ ಮುಂದೆ ಹಿಡಿದೆ. ಅದರ ಮೇಲೆ ಒಣಗಿದ ಅರಿಷಿಣವಿತ್ತು, ಅಂಚಿಗೆ ಒಂದಿಷ್ಟು ಸಗಣಿಯೂ ಇತ್ತು.

"ತಂಗಿ, ಇದು ಬ್ಯಾಡವಾ," ಎಂದಳು ಸುಂದರವ್ವ. "ನರ್ಸಬಾಯಾರು ನನ್ನ ಕಡಿಂದ ಮಾತು ತಗೊಂಡಾರ."

"ಹೊಸಾದು ಬ್ಯಾಡ, ಇದರಿಂದನ ಕೊಯ್ಯಿ."

"ಬೇಕಾದ್ರ ಕುದಿಸಿಕೊಂಡರ ಬರ್ತೇನಿ, ಕೊಡು."

ಕುದಿಸಿದರೆ ಶೆಟಿಗೆವ್ವನ ಅರಿಷಿಣ ತೊಳೆದುಹೋಗುತ್ತದೆ ಎಂದು ನನಗೆ ಹೆದರಿಕೆ. "ನಾ ಹೇಳಾಕತ್ತೇನಿ," ಎಂದೆ. "ನಮ್ಮ ಹೊಲದಾಗ ಇನ್ನ ಮುಂದ ಕಾಲಿಡಬೇಕಂತಿದ್ರ ಹೇಳಿದಷ್ಟು ಮಾಡು."

ಈ ಮಾತನ್ನು ನಾನು ನನಗಿಂತ ಮೂವತ್ತು ವರ್ಷ ದೊಡ್ಡವಳಿಗೆ ಆಡಿದೆ. ಅವಳಿಗೆ ವರ್ಷದ ಜೋಳ ಬರುತ್ತಿದ್ದದ್ದು ನಮ್ಮ ಹೊಲದಿಂದಲೇ. ಸುಂದರವ್ವ ನನ್ನನ್ನು ಒಂದು ಸಲ ನೋಡಿದಳು, ಹೊಸದನ್ನು ಗಂಟಿಗೆ ಮರಳಿಸಿ ನನ್ನ ಕೈಯ ಬ್ಲೇಡನ್ನು ಸೀರೆಯ ಸೆರಗಿಗೆ ಒರೆಸಿದಳು, ಕೊಯ್ದಳು.

ಐದೇಶಿ ಸಡಗರದಿಂದ ಆಯಿತು; ಪೂಜೆಗಿಟ್ಟ ಬ್ಲೇಡಿಗೆ ಅರಿಷಿಣ ಮೆತ್ತಿದ್ದರಿಂದ ಅವ್ವನಿಗೆ ಗುರುತು ಹತ್ತಲಿಲ್ಲ. ಏಳನೆಯ ದಿನ ಬೆಳಿಗ್ಗೆ ಕೂಸು ಮೊಲೆ ಹಿಡಿಯಲಿಲ್ಲ. ತುಟಿ ಬಿಗಿಹಿಡಿದಿತ್ತು. ಅವ್ವ ಬಂದು ಕೂಸಿನ ಗದ್ದ ಮುಟ್ಟಿ ನೋಡಿದಳು. ಆಕೆಗೆ ಯಾರೂ ಏನೂ ಹೇಳುವ ಅಗತ್ಯವಿರಲಿಲ್ಲ, ಮೂರು ಸಲ ನೋಡಿದ್ದಳು. ಅಪ್ಪ ಗಾಡಿ ಹೂಡಿದ. ಮನಗೂಳಿಗೆ ಹೋಗಿ ಬಿಜಾಪುರದ ಬಸ್ಸು ಹಿಡಿಯಬೇಕೆಂದಿದ್ದೆವು. ಅರ್ಧ ದಾರಿಯಲ್ಲಿ ಗಾಡಿ ತಿರುಗಿಸಿದೆವು.

ಮರುದಿನ ಅವ್ವ ಬಾಣಂತಿ ಕೋಣೆ ಬಳಿಯಲು ಬಂದವಳು ಗಂಟು ಬಿಚ್ಚಿ ನೋಡಿದಳು. ಹೊಸ ಬ್ಲೇಡು ಕಾಗದದಲ್ಲಿ ಹಾಗೇ ಇತ್ತು. ಅದನ್ನು ಹಿಡಿದುಕೊಂಡು ನನ್ನ ಮುಂದೆ ನಿಂತಳು. ನಾನು ಎಲ್ಲವನ್ನೂ ಹೇಳಿದೆ, ಹೊಲದ ಮಾತನ್ನೂ ಬಿಡದೆ. ಹೊಡೆಯುತ್ತಾಳೆ ಎಂದುಕೊಂಡೆ. ಹೊಡೆದಿದ್ದರೆ ಚೆನ್ನಾಗಿತ್ತು.

"ಯಾರ ಮುಂದೂ ಆಡಬ್ಯಾಡ," ಎಂದಳು ಅವ್ವ. "ನಿಮ್ಮತ್ತಿಗಿ ಗೊತ್ತಾದ್ರ ಆಕಿಗಿ ಇದ ಸಾಕಾಕ್ಕೈತಿ. ನಿನ್ನ ಎರಡು ಹುಡುಗ್ಯಾರ ಗತಿ ಏನು?"

ಊರಿಗೆ ಒಂದು ಕಾರಣ ಬೇಕಾಗಿತ್ತು, ಸುಂದರವ್ವ ಸಿಕ್ಕಳು. ಪೆಟ್ಟಿಗೆ ಬಂದ ಮೇಲೆ ಸೊಕ್ಕು ಬಂದಿದೆ, ಕೈ ತೊಳೆಯುವುದನ್ನು ಬಿಟ್ಟಿದ್ದಾಳೆ ಎಂದರು. ನನ್ನ ಅತ್ತೆ ಇಂಡಿಯಿಂದ ಬಂದು ಅವಳ ಬಾಗಿಲಲ್ಲಿ ನಿಂತು ಮಣ್ಣು ತೂರಿ ಹೋದಳು. ನರ್ಸಬಾಯಿ ನಮ್ಮ ಮನೆಯಲ್ಲೇ ಸುಂದರವ್ವನನ್ನು ಕೂರಿಸಿಕೊಂಡು ಕೇಳಿದರು.

"ಯಾವ ಬ್ಲೇಡಿನಿಂದ ಕೊಯ್ದಿ, ಖರೇ ಹೇಳು."

ಸುಂದರವ್ವ ನನ್ನತ್ತ ನೋಡಿದಳು. ನಾನು ಗೋಡೆಯ ಕಡೆ ಹೊರಳಿಕೊಂಡೆ.

"ನನ್ನ ಕೈಯಾಗ ಆಗೇತ್ರಿ," ಎಂದಳು.

ಅವಳನ್ನು ಹೆರಿಗೆಗೆ ಕರೆಯುವುದು ನಿಂತಿತು. ಅಷ್ಟೇ ಆಗಿದ್ದರೆ ಅವ್ವ ಅದನ್ನೂ ನುಂಗಿಕೊಳ್ಳುತ್ತಿದ್ದಳೋ ಏನೋ. ನನಗೋಸ್ಕರ ಎರಡು ತಿಂಗಳು ನುಂಗಿಕೊಂಡೇ ಇದ್ದಳು. ಸುಂದರವ್ವನ ಮನೆಗೆ ಜೋಳ ಕಳಿಸುತ್ತಿದ್ದಳು, ಅವಳು ಮರಳಿಸುತ್ತಿದ್ದಳು. ಆದರೆ ಗಂಟು ಕಟ್ಟಿದ ಅಧ್ಯಕ್ಷೆಯ ಮನೆಯಲ್ಲೇ ಕೂಸು ಉಳಿಯಲಿಲ್ಲ, ಆ ಗಂಟಿನಿಂದ ಏನು ಬಂತು ಎಂದು ಹೆಂಗಸರು ಆಡತೊಡಗಿದರು. ದಿನ ತುಂಬಿದ ಇಬ್ಬರು ಗಂಟು ಬೇಡವೆಂದರು. ಪಕ್ಕದ ಹಳ್ಳಿಯಿಂದ ಮುದುಕಿಯೊಬ್ಬಳನ್ನು ಗೊತ್ತು ಮಾಡಿದ್ದರು. ಆಕೆ ಬರುವಾಗ ತನ್ನ ಕುಡಗೋಲು ತರುತ್ತಾಳಂತೆ ಎಂದು ಸುದ್ದಿ ಬಂತು.

ಆ ಸೋಮವಾರ ಪಡಸಾಲೆ ತುಂಬಿತ್ತು. ಪೆಟ್ಟಿಗೆಯನ್ನು ವಾಪಸು ಒಯ್ಯಬೇಕಾಗುತ್ತದೆ ಎಂದು ನರ್ಸಬಾಯಿ ನೆಲ ನೋಡುತ್ತ ಹೇಳಿದರು. ಸುಂದರವ್ವ ತಾನೇ ಅದನ್ನು ತಂದು ಮುಂದಿಟ್ಟಳು, ಒರೆಸಿ ಥಳಥಳ ಮಾಡಿದ್ದಳು.

ಅವ್ವ ಎದ್ದು ನಿಂತಳು.

"ಪೆಟಗಿ ಮುಟ್ಟಬ್ಯಾಡ್ರಿ ಬಾಯಾರ. ಕೂಸಿನ ಹೊಕ್ಕಳ ಕೊಯ್ದಿದ್ದು ಹೊಸಾ ಬ್ಲೇಡಿನಿಂದ ಅಲ್ಲ. ಶಂಕ್ರೆವ್ವನ ಮನ್ಯಾಗ ಐದೇಶಿ ಮಾಡಿದ್ದ ಬ್ಲೇಡು. ಹೊಳಿಗಿ ಬಿಡ್ತೇನಿ ಅಂತ ಇಸಗೊಂಡು ನಾ ಟ್ರಂಕಿನ್ಯಾಗ ಇಟ್ಟಿದ್ದೆ. ಹೆರಿಗಿ ದಿನಾ ನಾನ ತಂದು ಸುಂದರವ್ವನ ಕೈಯಾಗ ಕೊಟ್ಟೆ. ಈಕಿ ಒಲ್ಲೆ ಅಂದ್ಲು. ಕುದಿಸಿಕೊಂಡರ ಬರ್ತೇನಿ ಅಂದ್ಲು. ನಮ್ಮ ಹೊಲದಾಗ ಕಾಲಿಡಬೇಕಂತಿದ್ರ ಹೇಳಿದಷ್ಟು ಮಾಡು ಅಂತ ನಾ ಹೆದರಿಸಿದೆ. ನನ್ನ ಮಗಳಿಗಿ ಏನೂ ಗೊತ್ತಿಲ್ಲ, ಆಕಿಗಿ ಎಚ್ಚರ ಇರಲಿಲ್ಲ."

ನಾನು ಅತ್ತು ಹೇಳಿದ ನನ್ನ ಮಾತುಗಳನ್ನೇ ಒಂದೂ ಬಿಡದೆ ತನ್ನವೆಂದು ಆಡಿದಳು. ಸುಂದರವ್ವ ಏನೋ ಹೇಳಲು ತಲೆ ಎತ್ತಿದಳು. "ನೀ ಸುಮ್ಮ ಕುಂಡ್ರು" ಎಂದಳು ಅವ್ವ.

ಶಂಕ್ರೆವ್ವ ಎದ್ದು ಬಾಯಿಗೆ ಬಂದಂತೆ ಅಂದಳು. ಮಂದಿಗೆ ಬುದ್ಧಿ ಹೇಳಿ ನನ್ನ ಬ್ಲೇಡು ಕಿತ್ತುಕೊಂಡೆ, ನಿನ್ನ ಮಗಳಿಗಾದರೆ ಬೇಕಾಯಿತೇನು ಎಂದಳು. ನ್ಯಾಯವಾಗಿತ್ತು. ಅವ್ವ ತಲೆ ತಗ್ಗಿಸಿ ಕೇಳಿಸಿಕೊಂಡಳು. ಆಕೆ ತಲೆ ತಗ್ಗಿಸಿದ್ದನ್ನು ನಾನು ಅದೇ ಮೊದಲು ನೋಡಿದ್ದು. ನಾನು ಕಂಬಕ್ಕೆ ಒರಗಿ ಕೂತಿದ್ದೆ, ಆಕೆಯಿಂದ ನಾಲ್ಕು ಮೊಳ ದೂರ. ಆ ಮಾತು ನನ್ನದು ಎಂದು ಹೇಳಲು ಎಷ್ಟು ಹೊತ್ತು ಬೇಕು? ಸಿಂದಗಿಯ ಹುಡುಗಿ ಕಣ್ಣ ಮುಂದೆ ಬಂದಳು, ನನ್ನ ಎರಡು ಹೆಣ್ಣುಮಕ್ಕಳು ಬಂದರು. ಈ ಕಾರಣಗಳನ್ನು ಆಮೇಲೆ ನಾನು ನೂರು ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಹೇಳಿಕೊಂಡು ಮುಗಿದ ಮೇಲೂ ನಾಚಿಕೆ ಅಷ್ಟೇ ಉಳಿಯುತ್ತದೆ.

ಪೆಟ್ಟಿಗೆ ಸುಂದರವ್ವನ ಹತ್ತಿರವೇ ಉಳಿಯಿತು. ಗಂಟು ಬೇಡವೆಂದಿದ್ದ ಇಬ್ಬರೂ ಅಂದೇ ಒಯ್ದರು. ಅವ್ವ ಅಧ್ಯಕ್ಷಗಿರಿ ಬಿಟ್ಟಳು, ಶಂಕ್ರೆವ್ವ ಆ ಜಾಗಕ್ಕೆ ಬಂದಳು. ಇಂಡಿಗೆ ಸುದ್ದಿ ಮುಟ್ಟಿ ನನ್ನ ಅತ್ತೆ ಬಂದು ನನ್ನನ್ನು ಕರೆದೊಯ್ದಳು, ಇನ್ನು ಈ ಕೊಲೆಗಡುಕಿಯ ಹೊಸ್ತಿಲು ತುಳಿಯಕೂಡದು ಎಂದಳು. ಸಿಂದಗಿಯ ಮಾತು ಅಲ್ಲಿಗೇ ನಿಂತಿತು. ಸೊಸೆ ಗಂಡು ಹೆತ್ತಿದ್ದಳು, ಬೀಗತಿ ಕೊಂದಳು, ಸೊಸೆಯದೇನು ತಪ್ಪು? ನನ್ನ ಸಂಸಾರ ಉಳಿದದ್ದು ಹೀಗೆ.

ಎಪ್ಪತ್ತೆಂಟರಲ್ಲಿ ಇಂಡಿಯಲ್ಲೇ ಮತ್ತೆ ಹೆತ್ತೆ. ಸುಂದರವ್ವನೇ ಬರಬೇಕೆಂದು ನಾನು ಹಟ ಹಿಡಿದದ್ದಕ್ಕೆ ಸಿದ್ದರಾಯ ತಾನೇ ಹೋಗಿ ಕರೆತಂದ. ಗಂಡು ಹುಟ್ಟಿತು, ಬದುಕಿತು. ಕೂಸಿಗೆ ಎರೆಯುತ್ತ ಕೂತಿದ್ದ ಸುಂದರವ್ವನಿಗೆ ಅವ್ವ ಹೇಗಿದ್ದಾಳೆ ಎಂದು ಕೇಳಿದೆ.

"ಅದಾಳ. ಅರಿವಿ ಕುದಿಸ್ತಾಳ. ಹೊಸಾ ಬಸರಿ ಯಾರರ ಬಂದ್ರ ಮೊದಲ ಎದ್ದು, ನಾ ನನ್ನ ಮೊಮ್ಮಗನ್ನ ಕೊಂದಾಕಿ ಅಂತ ಹೇಳ್ತಾಳ. ಆಮ್ಯಾಲೆ ಬ್ಲೇಡಿನ ಸಂಗತಿ ಹೇಳ್ತಾಳ."

"ಪ್ರತಿಯೊಬ್ಬರಿಗೂ?"

"ಹೂಂ. ಬಾಯಾರ ಹೇಳಿದ್ದು ಮರೀತಾರ. ಇದು ಮರ್ಯಾಂಗಿಲ್ಲ."

"ನಾ ಬಂದು ಖರೇ ಹೇಳ್ತೇನಿ, ಸುಂದರವ್ವ."

ಅವಳು ಕೂಸಿನ ಬೆನ್ನಿಗೆ ನೀರು ಸುರಿದಳು. "ಹೇಳಾಂಗಿದ್ರ ಬಾ," ಎಂದಳು. "ಹೇಳಲಾರದ ಬರಬ್ಯಾಡ."

ಮರುವರ್ಷ ಅಪ್ಪನಿಗೆ ಮೈಯಲ್ಲಿ ನೆಟ್ಟಗಿಲ್ಲವೆಂದು ಸುದ್ದಿ ಬಂದು ಅತ್ತೆ ಎರಡು ದಿನಕ್ಕೆ ನನ್ನನ್ನು ಬಿಟ್ಟಳು. ಹೋದದ್ದು ಸೋಮವಾರ. ಬಿಜಾಪುರದಿಂದ ಬಸ್ಸಿನಲ್ಲಿ ಬರುವಾಗ ಮಾತುಗಳನ್ನು ಜೋಡಿಸಿಕೊಂಡು ಬಂದಿದ್ದೆ. ಪಡಸಾಲೆ ತುಂಬಿತ್ತು, ನಾನು ಬಾಗಿಲ ಹತ್ತಿರ ಹಿಂದೆ ಕೂತೆ. ಅವ್ವ ಸೊರಗಿದ್ದಳು. ನನ್ನನ್ನು ನೋಡಿದಳು, ಮುಖದಲ್ಲಿ ಏನೂ ತೋರಗೊಡಲಿಲ್ಲ. ಹೊಸದಾಗಿ ಬಂದ ಬಸುರಿ ಹುಡುಗಿಯೊಬ್ಬಳು ನನ್ನ ಮಗ್ಗುಲಲ್ಲೇ ಕೂತಿದ್ದಳು, ಹದಿನೇಳು ಹದಿನೆಂಟು ಇರಬಹುದು. ಬೇರೆ ಊರಿನಿಂದ ಸೊಸೆಯಾಗಿ ಬಂದವಳು, ನನ್ನ ಗುರುತಿರಲಿಲ್ಲ.

ಅವ್ವ ಎದ್ದಳು. "ನಾ ನನ್ನ ಮೊಮ್ಮಗನ್ನ ಕೊಂದಾಕಿ" ಎಂದು ಶುರು ಮಾಡಿದಳು. ಹೊಲದ ಮಾತಿನವರೆಗೆ ಒಂದೂ ಬಿಡದೆ ಹೇಳಿದಳು. ಮುಗಿಸಿ ನನ್ನ ಕಡೆ ನೋಡಲಿಲ್ಲ. ಮುಂದಿನ ಸಾಲಿನಿಂದ ಸುಂದರವ್ವ ನೋಡಿದಳು, ಕಾದಳು. ನಾನು ಏಳಲೆಂದು ನೆಲಕ್ಕೆ ಕೈ ಊರಿದೆ.

ಪಕ್ಕದ ಹುಡುಗಿ ನನ್ನ ಕಿವಿಯ ಹತ್ತಿರ ಬಾಗಿದಳು. "ಎಂಥಾ ತಾಯಿ ಅದಾಳ ನೋಡ್ರೆಕ್ಕಾ," ಎಂದಳು. "ಹೊಟ್ಟ್ಯಾಗ ಹುಟ್ಟಿದ ಮಗಳ ಕೂಸಿಗಿ ಹಿಂಗ ಮಾಡೋದಾ?"

"ಹೌದವಾ," ಎಂದೆ ನಾನು.